ಡಿಸ್ಲೆಕ್ಸಿಯಾ ಇರುವ ಮಕ್ಕಳ ಕನ್ನಡ ಬರಹ: ಸ್ಪೆಲ್ ಚೆಕರ್ ‘ಮಲೆ’ಯನ್ನು ಬಿಟ್ಟುಬಿಡುತ್ತದೆ, ಸರಿಯಿರುವ ಪದಕ್ಕೆ ಕೆಂಪು ಗೆರೆ ಎಳೆಯುತ್ತದೆ. ಏನು ಮಾಡುವುದು?

ಪ್ರಶ್ನೆ: ಆರನೇ_ತರಗತಿ_ಮೇಷ್ಟ್ರು

ಆರನೇ ತರಗತಿ, ಕನ್ನಡ ಮಾಧ್ಯಮ, ಮಂಡ್ಯ ಕಡೆಯ ಶಾಲೆ. ವಿದ್ಯಾರ್ಥಿಗೆ ಡಿಸ್ಲೆಕ್ಸಿಯಾ (ಓದು–ಬರಹ ಕಷ್ಟವಾಗುವ ಕಲಿಕಾ ತೊಡಕು) ಇದೆ ಎಂದು ತಪಾಸಣೆಯಲ್ಲಿ ಗೊತ್ತಾಗಿದೆ. ಬಾಯಲ್ಲಿ ಕೇಳಿದರೆ ಪಾಠ ಸರಾಗವಾಗಿ ಹೇಳುತ್ತಾನೆ. ಬರೆಯುವಾಗ ಹೀಗಾಗುತ್ತದೆ:

“ನಾನು ಅಳ್ಳಿಗೆ ಓದೆ. ಅಲ್ಲಿ ಮಲೆ ಬಂತು. ಸೂಯ೯ ಕಾಣಲಿಲ್ಲ. ಅಜಿ ನನಗೆ ಆಲು ಕೊಟರು.”

ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಕನ್ನಡ ಪದಕೋಶ ಹಾಕಿಕೊಂಡು ಟೈಪ್ ಮಾಡಿಸಿದರೆ ‘ಮಲೆ’ಗೆ ಕೆಂಪು ಗೆರೆಯೇ ಬರುವುದಿಲ್ಲ. ‘ಅಜಿ’ಗೆ ಬರುತ್ತದೆ, ಆದರೆ ಸಲಹೆಗಳಲ್ಲಿ ‘ಅಜ್ಜಿ’ ಮೊದಲು ಬರುವುದಿಲ್ಲ. ‘ಹೋಗಬೇಕಾಗಿದ್ದವರಿಗೂ’ ಎಂದು ಸರಿಯಾಗಿ ಬರೆದರೆ ಅದಕ್ಕೆ ಗೆರೆ. ಹುಡುಗ ಆ ಸರಿಯಾದ ಪದವನ್ನು ಅಳಿಸಿ ಇನ್ನೇನೋ ಬರೆಯುತ್ತಾನೆ.

ಸ್ಪೆಲ್ ಚೆಕರ್ ಹೀಗೇಕೆ ಮಾಡುತ್ತದೆ? ಇದನ್ನು ಈ ಮಗುವಿಗೆ ಹೊಂದಿಸಿಕೊಳ್ಳಲು ಸಾಧ್ಯವೇ, ಅಥವಾ ಬಿಟ್ಟುಬಿಡುವುದೇ ವಾಸಿಯೇ?

---

ಉತ್ತರ 1: ಪದಪಟ್ಟಿ

ಬಿಡಬೇಡಿ ಸರ್, ಆದರೆ ಅದು ಏನನ್ನು ಎಣಿಸುತ್ತದೆ ಅನ್ನೋದು ಮೊದಲು ತಿಳಿದಿರಲಿ.

ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಬಳಸುವುದು ಹನ್‌ಸ್ಪೆಲ್ ಎಂಬ ಎಂಜಿನ್. ಅದರ ಹತ್ತಿರ ಎರಡು ಕಡತ ಇರುತ್ತವೆ: ಒಂದು ಪದಗಳ ಪಟ್ಟಿ, ಇನ್ನೊಂದು ಪ್ರತ್ಯಯಗಳ ಪಟ್ಟಿ. ಬರೆದ ಪದ ಪಟ್ಟಿಯಲ್ಲಿದ್ದರೆ ಸರಿ, ಇಲ್ಲದಿದ್ದರೆ ತಪ್ಪು. ವಾಕ್ಯ ಅದಕ್ಕೆ ಕಾಣುವುದೇ ಇಲ್ಲ. ‘ಮಲೆ’ ಅಂದರೆ ಬೆಟ್ಟದ ಕಾಡು, ಪಟ್ಟಿಯಲ್ಲಿ ಇದೆ, ಹಾಗಾಗಿ ಪಾಸು. ಬೆಲೆ–ಬೆಳೆ, ಹುಲಿ–ಹುಳಿ, ಕಲೆ–ಕಳೆ, ಅಕ್ಕಿ–ಹಕ್ಕಿ, ಆಡು–ಹಾಡು, ಕೊಡು–ಕೋಡು, ಮನೆ–ಮಣೆ ಇವೆಲ್ಲದರ ಹಣೆಬರಹವೂ ಇದೇ. ಕನ್ನಡದಲ್ಲಿ ಒಂದು ಅಕ್ಷರ ಆಚೀಚೆ ಆದರೆ ಇನ್ನೊಂದು ಒಳ್ಳೆಯ ಪದವೇ ಹುಟ್ಟುವ ಸಂದರ್ಭ ತುಂಬಾ. ಡಿಸ್ಲೆಕ್ಸಿಯಾ ಇರುವ ಮಗುವಿನ ತಪ್ಪುಗಳಲ್ಲಿ ದೊಡ್ಡ ಪಾಲು ಹೀಗೇ ತಪ್ಪಿಸಿಕೊಳ್ಳುತ್ತದೆ.

ಇನ್ನು ಸಲಹೆಗಳ ವಿಷಯ. ಎಂಜಿನ್ ಎಣಿಸುವುದು ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತಗಳನ್ನು, ಅಂದರೆ ಕಂಪ್ಯೂಟರ್ ಒಳಗೆ ಅಕ್ಷರದ ಒಂದೊಂದು ಭಾಗಕ್ಕೂ ಇರುವ ಸಂಕೇತಗಳನ್ನು. ‘ಅಜಿ’ಯಲ್ಲಿ ಮೂರು ಸಂಕೇತ: ಅ, ಜ, ಗುಡಿಸು. ‘ಅಜ್ಜಿ’ಯಲ್ಲಿ ಐದು: ಅ, ಜ, ವಿರಾಮ (ಒತ್ತು ತರಿಸುವ ಚಿಹ್ನೆ), ಜ, ಗುಡಿಸು. ಮಗು ಬಿಟ್ಟದ್ದು ಒಂದೇ ಒತ್ತು, ಯಂತ್ರದ ಲೆಕ್ಕದಲ್ಲಿ ಎರಡು ತಪ್ಪು. ಹನ್‌ಸ್ಪೆಲ್ ಒಂದೇ ಬದಲಾವಣೆಯಲ್ಲಿ ಸಿಗುವ ಪದಗಳನ್ನು ಮೊದಲು ಹುಡುಕುತ್ತದೆ. ಹಾಗಾಗಿ ‘ಅಜ’, ‘ಅಜಿತ’ ಮುಂದೆ ಬಂದು ಕೂರುತ್ತವೆ. ‘ಆಲು’ ಕೂಡ ಹಾಗೆಯೇ. ‘ಹಾಲು’ ಆಗಬೇಕಾದರೆ ‘ಆ’ ಹೋಗಿ ‘ಹ’ ಮತ್ತು ಇಳಿ ಎರಡೂ ಬರಬೇಕು, ಅಂದರೆ ಎರಡು ಹೆಜ್ಜೆ. ‘ಆಳು’, ‘ಆರು’, ‘ಆಡು’ ಒಂದೇ ಹೆಜ್ಜೆ ದೂರದಲ್ಲಿವೆ. ‘ಅಳ್ಳಿಗೆ’ಗೆ ಮಾತ್ರ ‘ಹಳ್ಳಿಗೆ’ ಸುಲಭವಾಗಿ ಸಿಗುತ್ತದೆ, ಏಕೆಂದರೆ ಅಲ್ಲಿ ಅ ಹೋಗಿ ಹ ಬಂದರೆ ಮುಗಿಯಿತು.

ಸರಿಯಿರುವ ಪದಕ್ಕೆ ಗೆರೆ ಬರುವುದು ನಮ್ಮ ಭಾಷೆಯ ಕಟ್ಟಡದಿಂದ. ಹನ್‌ಸ್ಪೆಲ್ ಪದದ ಕೊನೆಯಿಂದ ಎರಡು ಹಂತದ ಪ್ರತ್ಯಯ ಮಾತ್ರ ಬಿಡಿಸಬಲ್ಲದು. ‘ಮಕ್ಕಳಿಗಾಗಿಯೇ’ ಎಂಬಲ್ಲೇ ‘ಇಗೆ’, ‘ಆಗಿ’, ‘ಏ’ ಮೂರು ಇವೆ. ‘ಹೋಗಬೇಕಾಗಿದ್ದವರಿಗೂ’ ಬಿಡಿಸಿದರೆ ಹೋಗ, ಬೇಕು, ಆಗಿ, ಇದ್ದ, ಅವರಿಗೆ, ಊ. ನಡುವೆ ಲೋಪಸಂಧಿ ಬೇರೆ. ಪದಕೋಶ ಮಾಡಿದವರು ಇಂಥ ರೂಪವನ್ನು ಕೈಯಾರೆ ಸೇರಿಸಿರದಿದ್ದರೆ ಗೆರೆ ಖಂಡಿತ.

ಹೊಂದಿಸಿಕೊಳ್ಳಲು ಎರಡು ದಾರಿ ಇವೆ.

ಮೊದಲನೆಯದು ಸುಲಭ, ಹೆಚ್ಚು ಜನಕ್ಕೆ ಗೊತ್ತಿಲ್ಲ. ಲಿಬ್ರೆಆಫೀಸ್‌ನ ಟೂಲ್ಸ್, ಆಪ್ಷನ್ಸ್, ಅಲ್ಲಿ ರೈಟಿಂಗ್ ಏಡ್ಸ್. ಬಳಕೆದಾರರ ಪದಕೋಶದ ಕಡೆ ‘ನ್ಯೂ’ ಒತ್ತಿ ಒಂದು ಹೆಸರು ಕೊಡಿ, ಭಾಷೆ ಕನ್ನಡ ಆರಿಸಿ, ‘ಎಕ್ಸೆಪ್ಷನ್’ ಎಂಬ ಚೌಕಕ್ಕೆ ಗುರುತು ಹಾಕಿ. ಈ ಪಟ್ಟಿಗೆ ಹಾಕಿದ ಪದ ನಿಜವಾದ ಪದವೇ ಆಗಿದ್ದರೂ ತಪ್ಪು ಎಂದು ಗುರುತಾಗುತ್ತದೆ, ಪಕ್ಕದಲ್ಲಿ ನೀವು ಕೊಟ್ಟ ಪದ ಸಲಹೆಯಾಗಿ ಬರುತ್ತದೆ. ‘ಮಲೆ’ ಬರೆದು ಪಕ್ಕದಲ್ಲಿ ‘ಮಳೆ’, ‘ಓದೆ’ ಪಕ್ಕದಲ್ಲಿ ‘ಹೋದೆ’, ‘ಆಲು’ ಪಕ್ಕದಲ್ಲಿ ‘ಹಾಲು’. ನೆನಪಿಡಿ, ಹಾಕಿದ ರೂಪಕ್ಕೆ ಮಾತ್ರ ಇದು ಅನ್ವಯ. ‘ಮಲೆಯಲ್ಲಿ’, ‘ಮಲೆಗೆ’ ಬೇರೆಬೇರೆಯಾಗಿ ಸೇರಿಸಬೇಕು. ಆ ಮಗುವಿನ ನೋಟ್‌ಬುಕ್ಕಿನಿಂದಲೇ 40–50 ರೂಪ ಆರಿಸಿದರೆ ಸಾಕು. ಊರಿನ ಎಲ್ಲ ತಪ್ಪನ್ನೂ ತುಂಬಲು ಹೋದರೆ ಪುಟವೆಲ್ಲ ಕೆಂಪಾಗುತ್ತದೆ.

ಎರಡನೆಯದು ಪ್ರತ್ಯಯ ಕಡತಕ್ಕೆ ಕೈಹಾಕುವುದು. ಅದರಲ್ಲಿ ‘ಮ್ಯಾಪ್’ ಎಂಬ ಪಟ್ಟಿ ಸದೃಶ ಅಕ್ಷರಗಳಿಗೆ: ಶಷಸ ಒಂದು ಸಾಲು, ಲಳ ಒಂದು ಸಾಲು, ನಣ ಒಂದು ಸಾಲು. ‘ರೆಪ್’ ಎಂಬ ಪಟ್ಟಿ ಒಂದರ ಬದಲು ಇನ್ನೊಂದಕ್ಕೆ: ಟ ಬದಲು ಟ್ಟ, ಜ ಬದಲು ಜ್ಜ, ಲ ಬದಲು ಲ್ಲ, ಹೀಗೆ. ಪದದ ಮೊದಲಲ್ಲಿ ಆ ಇದ್ದರೆ ಹಾ, ಓ ಇದ್ದರೆ ಹೋ ಎಂದು ಕೊಡಲು ಆ ಅಕ್ಷರಕ್ಕೆ ಮುಂಚೆ ^ ಚಿಹ್ನೆ ಹಾಕಬೇಕು. ರೆಪ್ ಪಟ್ಟಿಯ ಬದಲಾವಣೆ ಎಷ್ಟು ಸಂಕೇತ ಉದ್ದವಾಗಿದ್ದರೂ ಒಂದೇ ಹೆಜ್ಜೆ ಎಂದು ಲೆಕ್ಕ, ಹಾಗಾಗಿ ‘ಅಜ್ಜಿ’ ಮೇಲಕ್ಕೆ ಬರುತ್ತದೆ. ಸಾಮಾನ್ಯವಾಗಿ ಎಡವುವ ಜಾಗ: ಪಟ್ಟಿಯ ಮೊದಲ ಸಾಲಿನಲ್ಲಿ ಎಷ್ಟು ನಮೂದು ಇವೆ ಎಂಬ ಸಂಖ್ಯೆ ಇರುತ್ತದೆ, ನಾಲ್ಕು ಸಾಲು ಸೇರಿಸಿದರೆ ಆ ಸಂಖ್ಯೆಯನ್ನೂ ನಾಲ್ಕು ಹೆಚ್ಚಿಸಬೇಕು. ಕಡತದ ಒಂದು ಪ್ರತಿ ತೆಗೆದಿಟ್ಟುಕೊಂಡೇ ಶುರು ಮಾಡಿ. ಮುಗಿದ ಮೇಲೆ ಲಿಬ್ರೆಆಫೀಸ್ ಮುಚ್ಚಿ ಮತ್ತೆ ತೆರೆಯಬೇಕು.

ಬರೆಯುತ್ತಿರುವಾಗ ಗೆರೆ ಬೀಳುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಶಿಫ್ಟ್ ಜೊತೆ ಎಫ್7 ಒತ್ತಿದರೆ ನಿಲ್ಲುತ್ತದೆ. ಬರೆದು ಮುಗಿದ ಮೇಲೆ ಬರೀ ಎಫ್7 ಒತ್ತಿ ಒಂದೊಂದಾಗಿ ನೋಡಿದರಾಯಿತು.

---

ಉತ್ತರ 2: ಒತ್ತಕ್ಷರ_ಟೀಚರ್

ತಾಂತ್ರಿಕ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ನೀವು ಕೊಟ್ಟ ನಾಲ್ಕು ವಾಕ್ಯದಲ್ಲಿ ಇರುವುದು ಒಂದೇ ಬಗೆಯ ತಪ್ಪಲ್ಲ ಸರ್. ಮೂರು ಬಗೆ ಇದೆ, ಮೂರಕ್ಕೂ ಮದ್ದು ಬೇರೆ.

ಅಳ್ಳಿ, ಓದೆ, ಆಲು: ಇದು ಡಿಸ್ಲೆಕ್ಸಿಯಾ ಅಲ್ಲ. ಆ ಸೀಮೆಯ ಮಾತಿನಲ್ಲಿ ಹಕಾರ ಬೀಳುತ್ತದೆ, ಮಗು ಆಡಿದ ಹಾಗೆ ಬರೆದಿದೆ. ಕಿವಿಯೂ ಕೈಯೂ ಸರಿಯಾಗಿಯೇ ಕೆಲಸ ಮಾಡಿವೆ. ಇದನ್ನು ನ್ಯೂನತೆಯ ಲೆಕ್ಕಕ್ಕೆ ಸೇರಿಸುವುದು ಮಗುವಿಗೆ ಮಾಡುವ ಅನ್ಯಾಯ. ಮಹಾಪ್ರಾಣದ ತಪ್ಪುಗಳೂ ಬಹುಪಾಲು ಇದೇ ಗುಂಪು. ಅವು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿ ಇರುವಂಥವು, ದಿನದ ಮಾತಿನಲ್ಲಿ ಧ–ದ ವ್ಯತ್ಯಾಸವನ್ನು ಕೇಳಿರದ ಮಗು ಅದನ್ನು ನೋಡಿಯೇ ಕಲಿಯಬೇಕು.

ಅಜಿ, ಕೊಟರು: ಇಲ್ಲಿ ಗಮನ ಕೊಡಿ. ‘ಅಜ್ಜಿ’ ಎಂದು ನಿಧಾನವಾಗಿ ಹೇಳಿ ನೋಡಿ. ಬಾಯಲ್ಲಿ ಅದು ಅಜ್–ಜಿ ಎಂದು ಒಡೆಯುತ್ತದೆ. ಬರಹದಲ್ಲಿ ಅ–ಜ್ಜಿ ಎಂದು ಒಡೆಯುತ್ತದೆ. ಮೊದಲ ಜಕಾರ ಮಾತಿನಲ್ಲಿ ಹಿಂದಿನ ತುಂಡಿಗೆ ಅಂಟಿದ್ದು, ಬರಹದಲ್ಲಿ ಮುಂದಿನ ಅಕ್ಷರಕ್ಕೆ ಹೋಗಿ ಕೂರುತ್ತದೆ. ಧ್ವನಿಯನ್ನು ಬಿಡಿಸಿ ಹಿಡಿಯುವುದೇ ಕಷ್ಟವಾಗಿರುವ ಮಗುವಿಗೆ ಈ ಜಾಗ ಬದಲಾವಣೆಯಲ್ಲಿ ಒತ್ತು ಕಳೆದುಹೋಗುತ್ತದೆ. ವಿಜಾತೀಯ ಒತ್ತು ಬಂದರೆ ಇನ್ನೂ ಕಷ್ಟ. ‘ಭಕ್ತಿ’ಯಲ್ಲಿ ಇಕಾರ ಕೇಳುವುದು ತಕಾರದ ನಂತರ, ಆದರೆ ಗುಡಿಸು ಬರೆಯುವುದು ಕಕಾರದ ತಲೆಯ ಮೇಲೆ. ‘ಭಕಿತ’ ಎಂದು ಬರೆದರೆ ಆಶ್ಚರ್ಯವಿಲ್ಲ.

ಸೂಯ೯: ಅರ್ಕಾವೊತ್ತು ಇದ್ದಲ್ಲಿ ರಕಾರ ಮೊದಲು ಕೇಳುತ್ತದೆ, ಬರಹದಲ್ಲಿ ಕೊನೆಗೆ ಬರುತ್ತದೆ. ಇದೂ ಕ್ರಮದ ತೊಡಕೇ.

ಬಗೆ ವಿಂಗಡಿಸಲು ಒಂದು ಉಕ್ತಲೇಖನ ಕೊಡಿ, 30 ಪದ ಸಾಕು: ಹತ್ತು ಬರೀ ಮೂಲಾಕ್ಷರದವು, ಹತ್ತು ಕಾಗುಣಿತದವು, ಐದು ಸಜಾತೀಯ ಒತ್ತಿನವು, ಐದು ವಿಜಾತೀಯ ಒತ್ತಿನವು. ಅಂಕ ಪದಕ್ಕೆ ಕೊಡಬೇಡಿ, ಅಕ್ಷರಕ್ಕೆ ಕೊಡಿ. ‘ಮಾರುಕಟ್ಟೆ’ಯನ್ನು ‘ಮಾರುಕಟೆ’ ಎಂದು ಬರೆದರೆ ನಾಲ್ಕಕ್ಕೆ ಮೂರು. ವಾರ ಬಿಟ್ಟು ಅದೇ ಪದಗಳನ್ನು ಮತ್ತೆ ಹೇಳಿ ಬರೆಸಿ. ಆಡುಮಾತಿನ ತಪ್ಪು ಎರಡೂ ಸಲ ಒಂದೇ ಥರ ಇರುತ್ತದೆ. ಡಿಸ್ಲೆಕ್ಸಿಯಾದಲ್ಲಿ ಅದೇ ಪದ ಒಮ್ಮೆ ‘ಕಟೆ’, ಒಮ್ಮೆ ‘ಕಟೇ’, ಒಮ್ಮೆ ಸರಿಯಾಗಿಯೂ ಬರಬಹುದು. ಈ ಏರುಪೇರೇ ಮುಖ್ಯ ಸುಳಿವು. ಸರಿಯಾಗಿ ಬಂದ ಆ ಒಂದು ಸಲ ಇಟ್ಟುಕೊಂಡು “ಬರುತ್ತೆ, ಬೇಕಂತಲೇ ಬರೆಯಲ್ಲ” ಎಂದು ಯಾರೂ ಅನ್ನಬಾರದು.

ಒತ್ತಿಗೆ ಅಭ್ಯಾಸ: ಕತೆ–ಕತ್ತೆ, ಎಲೆ–ಎಲ್ಲೆ, ಹಳಿ–ಹಳ್ಳಿ, ಪಟ–ಪಟ್ಟ, ಕಟು–ಕಟ್ಟು. ಎರಡೂ ಅರ್ಥವಿರುವ ಜೋಡಿಗಳನ್ನೇ ಆರಿಸಿ, ಒತ್ತು ಬಿದ್ದರೆ ಅರ್ಥ ಬದಲಾಗುವುದು ಮಗುವಿಗೆ ಕಾಣಬೇಕು. ಪದ ಹೇಳಿ, ನಡುವೆ ನಾಲಿಗೆ ನಿಂತರೆ ಮೇಜು ಒಮ್ಮೆ ತಟ್ಟಲಿ. ತಟ್ಟಿದ ಕಡೆ ಒತ್ತು. ಆಮೇಲೆ ಅಕ್ಷರದ ಬಿಲ್ಲೆ, ಒತ್ತಿನ ಬಿಲ್ಲೆ ಬೇರೆಬೇರೆ ಬಣ್ಣದ ರಟ್ಟಿನಲ್ಲಿ ಕತ್ತರಿಸಿ ಜೋಡಿಸಲಿ. ದಿನಕ್ಕೆ ಹತ್ತು ನಿಮಿಷ, ಐದೇ ಜೋಡಿ. ಪದವನ್ನು ನೂರು ಸಲ ಬರೆಸುವುದರಿಂದ ಕೈ ಸೋಲುತ್ತದೆ ಅಷ್ಟೆ, ಏಕೆಂದರೆ ಹತ್ತನೇ ಸಲದ ಹೊತ್ತಿಗೆ ಮಗು ಧ್ವನಿಯನ್ನು ಬಿಟ್ಟು ಆಕಾರ ನಕಲು ಮಾಡುತ್ತಿರುತ್ತದೆ.

ಆಕಾರದ ಗೊಂದಲವೂ ಇದ್ದರೆ (ಮ–ವು, ಪ–ಷ, ದ–ಧ, ಬ–ಭ) ಜೋಡಿಯನ್ನು ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ವಕಾರದ ಕೊಂಬನ್ನು ಪಕ್ಕದಲ್ಲೇ ಎಳೆದರೆ ಮಕಾರವೇ ಆಗಿಬಿಡುತ್ತದೆ, ಅದನ್ನು ಕೆಳಗಿಂದ ಎಳೆಯುವುದು ಅದಕ್ಕೇ ಎಂದು ಹೇಳಿ ತೋರಿಸಿದರೆ ಬೇಗ ಹಿಡಿಯುತ್ತಾರೆ.

ಮತ್ತೊಂದು ಮಾತು. ಕನ್ನಡದ ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದು ನಾಲ್ಕನೇ ತರಗತಿಯವರೆಗೆ ಎಳೆಯುತ್ತದೆ ಎಂದೇ ಕಂಡಿತ್ತು. ಎರಡನೇ ತರಗತಿಯ ಮಗು ಒತ್ತು ಬಿಟ್ಟರೆ ಹೆದರುವ ಅಗತ್ಯವಿಲ್ಲ. ಆರನೆಯದರಲ್ಲಿ ಬಿಡುತ್ತಿದ್ದರೆ ನೋಡಲೇಬೇಕು.

---

ಮರುಪ್ರಶ್ನೆ: ಆರನೇ_ತರಗತಿ_ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ಹಕಾರವನ್ನು ಬೇರೆ ತೆಗೆದಿಟ್ಟರೆ ತಪ್ಪಿನ ಪಟ್ಟಿ ಅರ್ಧಕ್ಕಿಳಿಯಿತು. ಇನ್ನೆರಡು ಸಂದೇಹ: ಧ್ವನಿಯಿಂದ ಟೈಪ್ ಮಾಡಿಸಿದರೆ ಒಳ್ಳೆಯದೇ? ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರುವ ಕೀಬೋರ್ಡ್ ಕೊಡಬಹುದೇ?

---

ಉತ್ತರ 3: ಕೇಳಿ_ಬರೆ

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಇಂಗ್ಲಿಷ್ ಅಕ್ಷರದಿಂದ ಕನ್ನಡ ತರಿಸುವಾಗ ಮಗು ಎರಡು ಭಾಷೆಯ ಕಾಗುಣಿತ ಒಟ್ಟಿಗೆ ನಿಭಾಯಿಸಬೇಕು. ಲ–ಳ, ನ–ಣ ವ್ಯತ್ಯಾಸ ಆ ಲಿಪಿಯಲ್ಲೇ ಇಲ್ಲ, ಕೀಬೋರ್ಡ್ ಊಹಿಸಿ ನಾಲ್ಕು ಪದ ಮುಂದಿಡುತ್ತದೆ. ನಾಲ್ಕರಲ್ಲಿ ಸರಿಯಾದದ್ದನ್ನು ಓದಿ ಆರಿಸುವುದೇ ಆ ಮಗುವಿಗೆ ಕಷ್ಟ. ಕನ್ನಡ ಅಕ್ಷರವೇ ಕಾಣುವ ಕೀಲಿಮಣೆ ಕೊಡಿ. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದು ಅದೇ, ಒತ್ತಕ್ಷರಕ್ಕೆ ಎಫ್ ಕೀಲಿ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಆದರೆ ಡಿ ಕೀಲಿ. ಇದರಲ್ಲಿ ಒಂದು ಲಾಭ ಇದೆ: ‘ಭಕ್ತಿ’ ಟೈಪ್ ಮಾಡಲು ಭ, ಕ, ಒತ್ತು, ತ, ಗುಡಿಸು ಎಂಬ ಕ್ರಮ, ಅಂದರೆ ಕಿವಿಗೆ ಕೇಳುವ ಕ್ರಮವೇ. ಅರ್ಕಾವೊತ್ತನ್ನೂ ಇನ್‌ಸ್ಕ್ರಿಪ್ಟ್‌ನಲ್ಲಿ ರ, ಒತ್ತು, ಯ ಎಂದು ಕೇಳಿದಂತೆ ಒತ್ತಿದರೆ ಸಾಕು, ತಾನೇ ಜಾಗಕ್ಕೆ ಹೋಗಿ ಕೂರುತ್ತದೆ. ಕೈಬರಹದಲ್ಲಿ ಕ್ರಮ ತಪ್ಪುವ ಮಗುವಿಗೆ ಇದು ನಿಜವಾದ ಸಹಾಯ.

ಧ್ವನಿ ಟೈಪಿಂಗ್: ಗೂಗಲ್ ಇದನ್ನು ಕನ್ನಡಕ್ಕೆ ತಂದದ್ದು 2017ರಲ್ಲಿ. ಗೂಗಲ್‌ನ ಫೋನ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿದರೆ ಆಯಿತು. ಪ್ರಬಂಧ, ವಿಜ್ಞಾನದ ಉತ್ತರ, ಅಂದರೆ ವಿಚಾರ ಮುಖ್ಯವಾಗಿರುವ ಕಡೆ ಧಾರಾಳವಾಗಿ ಬಳಸಿ. ಮಗುವಿನ ತಲೆಯಲ್ಲಿರುವುದು ಹೊರಗೆ ಬರುತ್ತದೆ. ಕಾಗುಣಿತ ಕಲಿಸುವ ಹೊತ್ತಿನಲ್ಲಿ ಬೇಡ. ಇದರ ಮಿತಿ ಏನೆಂದರೆ, ಅದು ಕೊಡುವ ಪ್ರತಿ ಪದದ ಕಾಗುಣಿತ ಸರಿಯಾಗಿಯೇ ಇರುತ್ತದೆ, ಪದ ಮಾತ್ರ ಬೇರೆಯದೇ ಆಗಿರಬಹುದು. ಆಗ ಯಾವ ಸ್ಪೆಲ್ ಚೆಕರೂ ಹಿಡಿಯುವುದಿಲ್ಲ. ಒಂದು ಉಸಿರಿಗೆ ಒಂದು ವಾಕ್ಯ ಹೇಳಿ, ನಿಲ್ಲಿಸಿ, ಪೂರ್ಣವಿರಾಮ ಕೈಯಿಂದ ಹಾಕಿ ಮುಂದೆ ಹೋಗುವುದು ಒಳ್ಳೆಯ ರೂಢಿ. ಜಿಬೋರ್ಡ್‌ನ ತಾನೇ ತಿದ್ದುವ ಸೌಲಭ್ಯ ನಿಲ್ಲಿಸಿಬಿಡಿ, ಸಲಹೆಯ ಪಟ್ಟಿ ಇರಲಿ.

ನಿಜವಾಗಿ ಕೆಲಸಕ್ಕೆ ಬರುವುದು ಇದರ ತಿರುಗುಮುರುಗು, ಬರೆದದ್ದನ್ನು ಯಂತ್ರ ಗಟ್ಟಿಯಾಗಿ ಓದುವುದು. ಎಡ್ಜ್ ಬ್ರೌಸರಿನಲ್ಲಿ ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳಿವೆ. ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಓದಲು ಶುರು ಮಾಡುತ್ತದೆ. ಇಂಟರ್ನೆಟ್ ಇರಬೇಕು. ವೇಗ ಒಂದು ಹಂತ ಕಡಿಮೆ ಮಾಡಿಡಿ. ಕಡತವನ್ನು ಪಿಡಿಎಫ್ ಮಾಡಿ ಕೊಡಬೇಡಿ, ಎಚ್‌ಟಿಎಂಎಲ್ ಆಗಿ ಉಳಿಸಿ ಎಡ್ಜ್‌ನಲ್ಲಿ ತೆರೆಯಿರಿ. ಪಿಡಿಎಫ್‌ನಿಂದ ಕನ್ನಡ ಪಠ್ಯ ಹೊರತೆಗೆಯುವಾಗ ಒತ್ತು, ಸ್ವರಚಿಹ್ನೆ ಅದಲುಬದಲಾಗುವುದು ಸಾಮಾನ್ಯ, ಮಗು ಸರಿಯಾಗಿ ಬರೆದದ್ದನ್ನೂ ಅದು ತೊದಲುತ್ತದೆ. ಆಂಡ್ರಾಯ್ಡ್ ಫೋನಿನಲ್ಲಾದರೆ ಆಕ್ಸೆಸಿಬಿಲಿಟಿಯಲ್ಲಿ ‘ಸೆಲೆಕ್ಟ್ ಟು ಸ್ಪೀಕ್’.

‘ಅಜಿ’, ‘ಕೊಟರು’, ‘ಮಲೆ’ ಮೂರೂ ಕಿವಿಗೆ ತಕ್ಷಣ ತಟ್ಟುತ್ತವೆ, ಸ್ಪೆಲ್ ಚೆಕರ್ ಬಿಟ್ಟ ‘ಮಲೆ’ ಕೂಡ. ಹ್ರಸ್ವ–ದೀರ್ಘವೂ ಸಿಗುತ್ತದೆ. ಆದರೆ ‘ಆಲು’ ಸಿಗುವುದಿಲ್ಲ, ಏಕೆಂದರೆ ಆ ಮಗುವಿನ ಕಿವಿಗೆ ಅದು ಸರಿಯಾದ ಪದವೇ. ಶ–ಷ, ಋ–ರು ಕೂಡ ಕೇಳಿ ತಿಳಿಯುವುದಲ್ಲ. ಹಾಗಾಗಿ ಪದಪಟ್ಟಿಯವರು ಹೇಳಿದ ಎಕ್ಸೆಪ್ಷನ್ ಪದಕೋಶಕ್ಕೆ ಹಕಾರದ ಪದಗಳನ್ನು ಮೊದಲು ಹಾಕಿ.

ತಿದ್ದುವ ಕ್ರಮ ಮೂರು ಸುತ್ತು: ಮೊದಲು ಕೇಳಿ ಒತ್ತು ಮತ್ತು ದೀರ್ಘ ಮಾತ್ರ ತಿದ್ದುವುದು, ಆಮೇಲೆ ಅಆಇಈ ಮುಂತಾದ ಸ್ವರದಿಂದ ಶುರುವಾದ ಪದಗಳಿಗೆಲ್ಲ ಬೆರಳಿಟ್ಟು “ಇಲ್ಲಿ ಹ ಬೇಕಾ?” ಎಂದು ಕೇಳಿಕೊಳ್ಳುವುದು, ಕೊನೆಗೆ ಎಫ್7. ಒಂದು ಸುತ್ತಿನಲ್ಲಿ ಒಂದೇ ಬಗೆ. ಎಲ್ಲವನ್ನೂ ಒಟ್ಟಿಗೆ ಹುಡುಕು ಅಂದರೆ ಯಾವುದೂ ಸಿಗುವುದಿಲ್ಲ. ಅಕ್ಷರದ ಗಾತ್ರ 16ರಿಂದ 18, ಸಾಲಿನ ಅಂತರ ಕನಿಷ್ಠ 1.5 ಇರಲಿ. ಒತ್ತು ಕೆಳಗೆ ಇಳಿಯುವ ನಮ್ಮ ಲಿಪಿಗೆ ಇಕ್ಕಟ್ಟಾದ ಸಾಲು ಕಷ್ಟ. ಓಪನ್‌ಡಿಸ್ಲೆಕ್ಸಿಕ್ ಫಾಂಟ್ ಹುಡುಕಬೇಡಿ, ಅದು ರೋಮನ್ ಲಿಪಿಗೆ ಮಾಡಿದ್ದು, ಅಲ್ಲಿಯೂ ಅದರಿಂದ ಓದು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಪದವೇ ಗೊತ್ತಾಗದೆ ನಿಘಂಟು ನೋಡಬೇಕಾದರೆ ‘ಅಲರ್’ ಜಾಲತಾಣ ಒಳ್ಳೆಯದು. ವಿ. ಕೃಷ್ಣ ಅವರ ಕನ್ನಡ–ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷದಷ್ಟು ನಮೂದು. ಅದು ಪದದ ಧ್ವನಿಯ ಮೇಲೂ ಹುಡುಕುವುದರಿಂದ ಕಾಗುಣಿತ ಸ್ವಲ್ಪ ತಪ್ಪಿದರೂ ಸರಿಯಾದ ಪದದ ಹತ್ತಿರ ಮುಟ್ಟಿಸುತ್ತದೆ.

---

ಉತ್ತರ 4: ಒತ್ತಕ್ಷರ_ಟೀಚರ್

ಮೂರು ಸುತ್ತಿನ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಸೇರಿಸುತ್ತೇನೆ: ತಪಾಸಣೆಯ ಕಾಗದ ಇದ್ದರೆ ಅದು ನ್ಯೂನತೆಯ ಪ್ರಮಾಣಪತ್ರವೇ ಎಂದು ನೋಡಿಕೊಳ್ಳಿ. ಎರಡೂ ಬೇರೆ. ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಎರಡು ಕಡೆಯೂ ಪರೀಕ್ಷೆ ಮಾಡುತ್ತಾರೆ. ಮಂಡ್ಯದವರಿಗೆ ಮೈಸೂರು ಹತ್ತಿರ. ಹತ್ತನೇ ತರಗತಿಯಲ್ಲಿ ಲಿಪಿಕಾರ, ಹೆಚ್ಚುವರಿ ಸಮಯ ಬೇಕಾದರೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು, ಪರೀಕ್ಷೆಯ ತಿಂಗಳಲ್ಲಿ ಓಡಾಡಿದರೆ ಆಗುವುದಿಲ್ಲ. ಡಿಸ್ಲೆಕ್ಸಿಯಾ ತಪಾಸಣೆಗೆ ಹೋಗುವಾಗ ಕನ್ನಡ ನೋಟ್‌ಬುಕ್ ತಿದ್ದದೆ ಹಾಗೆಯೇ ಒಯ್ಯಿರಿ. ಮನೆಯವರು ಚೆಂದ ಮಾಡಿ ಬರೆಸಿದ ಪ್ರತಿಯಿಂದ ಪ್ರಯೋಜನವಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದ್ದರೆ ಕನ್ನಡದಲ್ಲೂ ಮಾಡಿ ಎಂದು ಕೇಳಿ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಪರೀಕ್ಷಾ ಸಾಮಗ್ರಿ ಕನ್ನಡದಲ್ಲೂ ಇದೆ.

---

ಉತ್ತರ 5: ಪದಪಟ್ಟಿ

‘ಸೂಯ೯’ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಅದನ್ನು ಮಗು ಒಂಬತ್ತರ ಕೀಲಿ ಒತ್ತಿ ಬರೆದಿದೆ. ಅರ್ಕಾವೊತ್ತಿಗೂ ಕನ್ನಡದ ೯ ಅಂಕಿಗೂ ಆಕಾರ ಒಂದೇ. ಅನುಸ್ವಾರಕ್ಕೂ ೦ ಅಂಕಿಗೂ ಹಾಗೆಯೇ. ಕಣ್ಣಿಗೆ ವ್ಯತ್ಯಾಸ ಕಾಣದು, ಸಂಕೇತ ಬೇರೆ. ‘ಬ೦ತು’ ಎಂದು ಸೊನ್ನೆ ಹಾಕಿ ಬರೆದರೆ ನೋಡಲು ಸರಿ, ಆದರೆ ಚೆಕರ್ ತಪ್ಪು ಅನ್ನುತ್ತದೆ, ಓದುವ ದನಿ ನಡುವೆ ತಡವರಿಸುತ್ತದೆ. ದೊಡ್ಡವರ ಕಡತಗಳಲ್ಲೂ ಇದು ಬೇಕಾದಷ್ಟು. ಮಗು “ಸರಿಯಾಗೇ ಬರೆದಿದೀನಲ್ಲ” ಅಂದರೆ ಅದು ನಿಜವೇ, ಗದರಬೇಡಿ.

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟಿನಲ್ಲಿ ಮಾಡಿದ ಪಾಠದ ಕಡತ ಇದ್ದರೆ ಅದು ಯೂನಿಕೋಡ್ ಅಲ್ಲ, ಒಳಗೆ ರೋಮನ್ ಸಂಕೇತಗಳೇ ಇರುತ್ತವೆ. ಅದರ ಮೇಲೆ ಯಾವ ಚೆಕರೂ, ಯಾವ ಓದುವ ದನಿಯೂ ಕೆಲಸ ಮಾಡದು. ಮೊದಲು ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ.

ಸೊನ್ನೆಯನ್ನು ಹುಡುಕಿ ಬದಲಿಸುವಾಗ ‘ಎಲ್ಲವನ್ನೂ ಬದಲಿಸು’ ಒತ್ತಬೇಡಿ, ೨೦೧೬ರ ಸೊನ್ನೆಯೂ ಅನುಸ್ವಾರವಾಗಿ ಇಸವಿ ಕೆಡುತ್ತದೆ. ಹಿಂದೆ ಅಕ್ಷರ ಇದ್ದರೆ ಮಾತ್ರ ಬದಲಿಸಿ. ೯ಕ್ಕೆ ಬರೀ ಬದಲಿ ಸಾಲದು, ರಕಾರ ಅಕ್ಷರದ ಮುಂಚೆ ಬರಬೇಕು. ಲಿಬ್ರೆಆಫೀಸ್‌ನ ಹುಡುಕು–ಬದಲಿಸು ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ ಗುರುತು ಹಾಕಿ, ಹುಡುಕುವ ಕಡೆ ([ಕ-ಹ])೯, ಬದಲಿಸುವ ಕಡೆ ರ್$1 ಎಂದು ಕೊಟ್ಟರೆ ‘ಸೂಯ೯’ ‘ಸೂರ್ಯ’ ಆಗುತ್ತದೆ, ‘ಧಮ೯’ ‘ಧರ್ಮ’ ಆಗುತ್ತದೆ. ‘ಮಾಗಿ೯’ಯಂತೆ ನಡುವೆ ಸ್ವರಚಿಹ್ನೆ ಇದ್ದರೆ ಇದು ಮುಟ್ಟುವುದಿಲ್ಲ, ಅವನ್ನು ಕೈಯಲ್ಲೇ ತಿದ್ದಬೇಕು. ಇದನ್ನೂ ಒಂದೊಂದಾಗಿ ನೋಡಿಯೇ ಒತ್ತಿ, ‘ಅಧ್ಯಾಯ೯’ ಎಂದು ಜಾಗ ಬಿಡದೆ ಬರೆದಿದ್ದರೆ ಅದು ‘ಅಧ್ಯಾರ್ಯ’ ಆಗಿಬಿಡುತ್ತದೆ.